ಎರಡು ಕೋಣೆಯ ನಡುವಿನ ಬಾಗಿಲು

ಗೋಡೆಗೂ ಕಿವಿ ಇರುತ್ತದಂತೆ, ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತ ದರ್ಜಿ ನನಗೆ ಇರಬಾರದೇ? ಪಕ್ಕದಲ್ಲಿ ಶಾಲೆಯ ಟೀಚರಮ್ಮ, ಗಂಟಲು ಕಟ್ಟಿಹೋಗಿತ್ತು. ಜೊತೆಗೆ ಡಿಗ್ರಿ ಮುಗಿಸುತ್ತಿದ್ದ ಅವರ ಅಕ್ಕನ ಮಗಳು.

“ಚಿಕ್ಕಮ್ಮಾ, ಟೀಚರ್ ಟ್ರೈನಿಂಗಿಗೆ ಹೆಸರು ಕೊಟ್ಟೆ,” ಅಂದಳು ಹುಡುಗಿ.

“ಯಾರು ನಿನ್ನ ತಲೆ ಕೆಡಿಸಿದ್ದು?”

“ಯೂನಿವರ್ಸಿಟಿಯಿಂದ ಒಬ್ರು ಮೇಷ್ಟ್ರು ಬಂದಿದ್ರು. ಶಾಲೆಗಳಿಗೆ ಟೀಚರ್‌ಗಳೇ ಸಿಗ್ತಿಲ್ಲ, ನೀವೇ ಬರ್ಬೇಕು ಅಂದ್ರು. ಬೋರ್ಡ್ ಮೇಲೆ ಒಂದು ಲೆಕ್ಕಾನೂ ಬಿಡಿಸಿ ತೋರಿಸಿದ್ರು, ಲೆಕ್ಕ ಅಂದ್ರೆ ಓಡಿಹೋಗೋ ನಾನೂ ಬಾಯಿ ಬಿಟ್ಕೊಂಡು ಕೇಳ್ದೆ.”

“ಮಾತಾಡ್ತಾ ಚಾಕ್‌ಪೀಸ್ ಕಿವಿ ಸಂದೀಲಿ ಸಿಕ್ಕಿಸ್ಕೋತಿದ್ರಾ?”

“ಹೂಂ. ನಿಮಗೆ ಗೊತ್ತಾ?”

“ನಮ್ಮ ಶಾಲೆ ಲೆಕ್ಕದ ಮೇಷ್ಟ್ರು. ಪಾಠ ಚೆನ್ನಾಗಿ ಮಾಡ್ತಾರೆ ಅಂತ, ಟ್ರೈನಿಂಗಿಗೆ ಜನ ಹುಡುಕೋಕೆ ಯೂನಿವರ್ಸಿಟಿಯವರು ಕರ್ಕೊಂಡು ಹೋದ್ರು. ಅವರ ಕ್ಲಾಸೂ ಈಗ ನಂದೇ. ಎರಡು ಕೋಣೆ ನಡುವಿನ ಬಾಗಿಲಲ್ಲಿ ನಿಂತು, ಈ ಕಡೆ ವ್ಯಾಕರಣ, ಆ ಕಡೆ ಲೆಕ್ಕ ಕೂಗ್ತೀನಿ.”

ಹುಡುಗಿ ಚಿಕ್ಕಮ್ಮನ ಕಡೆ ತಿರುಗಿದಳು.

“ಹಾಗಾದ್ರೆ ಸೇರೋದು ಬೇಡ್ವಾ?”

ಬಸ್ಸು ಬಂತು. ಟೀಚರಮ್ಮ ಚೀಲ ಹೆಗಲಿಗೇರಿಸಿ ಎದ್ದರು.

“ಸೇರು ಮಗಳೇ. ಪಾಠ ಮಾತ್ರ ತೀರಾ ಚೆನ್ನಾಗಿ ಮಾಡ್ಬೇಡ. ನಿನ್ನನ್ನೂ ಕರ್ಕೊಂಡು ಹೋಗ್ತಾರೆ.”