ಆನೆ ಬರುವುದು ಕೊನೆಯಲ್ಲಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಅರುಳ್‌ಮಣಿಯವರೇ, ಕಾಶಿಮೇಡಿನ ತಾಯಂದಿರೇ, ಬಲೆ ಬಿಟ್ಟು ಬಂದಿರುವ ಅಣ್ಣಂದಿರೇ, ಸಭಿಕರೇ,

ಈ ಮಕ್ಕಳ ನಾಟಕ ತಂಡವನ್ನು ಇಷ್ಟು ವರ್ಷ ನಡೆಸಿದ್ದಕ್ಕೆ ನನಗೆ ಸನ್ಮಾನವಂತೆ. ಸಂತೋಷ. ನಿಂತರೆ ಮಂಡಿ ನೋಯುತ್ತದೆ, ಆದರೂ ಸಂತೋಷ. ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮವಿದೆಯೆಂದು ನಾಟಕವನ್ನು ಅರ್ಧಕ್ಕೆ ನಿಲ್ಲಿಸಿದ್ದೇವೆ. ಪ್ರತಿ ವರ್ಷವೂ ಇರುತ್ತದೆ. ಹೀಗೆ ನಡುವೆ ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿ ಇಂಟರ್ವಲ್ ಅಲ್ಲದೆ ಬೇರೊಂದು ಪದವಿತ್ತು, ಕಾಲೇಜಿನಲ್ಲಿ ಓದಿದ್ದೆ. ಇಂಟರ್... ಹೋಗಲಿ.

ಅರುಳ್‌ಮಣಿಯವರು ದಾನಿಗಳು. ಈ ಶೆಡ್ಡಿಗೆ ತಗಡು ಹೊದಿಸಿದವರು ಯಾರು? ಅವರು. ದೀಪ, ಮೈಕು, ಮಕ್ಕಳು ಸಂಜೆ ತಿನ್ನುವ ಕಡಲೆ ಸುಂಡಲ್ ಯಾರದು? ಅವರದೇ. ಅವರಿಲ್ಲದಿದ್ದರೆ ಈ ಮಕ್ಕಳು ಇಂದಿಗೂ ಮೀನು ಒಣಗಿಸುವ ಜಾಗದಲ್ಲೇ ಕುಣಿಯಬೇಕಿತ್ತು. ಉಪಚಾರಕ್ಕೆ ಹೇಳುತ್ತಿಲ್ಲ.

ಅವರು ಅರ್ಧಕ್ಕೇ ಹೊರಡುವುದಕ್ಕೆ ನನ್ನ ಹೆಂಡತಿ ತಿಲಕವತಿ ಮಾತ್ರ ನನ್ನೊಡನೆ ಜಗಳವಾಡುತ್ತಿದ್ದಳು. "ಏನ್ರೀ, ನಾಟಕದಲ್ಲಿ ಆನೆ ಬರೋದು ಕೊನೇಲಿ. ಅವರನ್ನ ಕೂರಿಸ್ಕೊಳ್ಳೋಕೆ ನಿಮಗೆ ಬಾಯಿಲ್ವಾ?" ವರ್ಷವೂ ಇದೇ ನಾಟಕ, ಮಕ್ಕಳು ಬೇರೆಯದಕ್ಕೆ ಒಪ್ಪುವುದಿಲ್ಲ. ಹರಿದ ಹಾಯಿಬಟ್ಟೆಯಲ್ಲಿ ಆನೆಯನ್ನು ಹೊಲಿದವಳು ಅವಳು. ಕಳಚಿದ ಕಿವಿಯನ್ನು ಆಸ್ಪತ್ರೆಯ ಮಂಚದ ಮೇಲೆ ಕುಳಿತು ಹೊಲಿದಳು. ಡಾಕ್ಟರು ಬೈದರೆ, "ಒಂದೇ ಕಿವಿ ಆನೇನ ಯಾರು ನೋಡ್ತಾರೆ ಡಾಕ್ಟ್ರೇ" ಅಂದಳು. ಅವಳಿಲ್ಲದ ಮನೆಯಲ್ಲಿ ಈಗ ನನಗೆ ಕೆಲಸವಿಲ್ಲ. ಅದಕ್ಕೇ ತಾಲೀಮು ದಿನೇ ದಿನೇ ಉದ್ದವಾಗುತ್ತಿದೆ, ತಾಯಂದಿರು ಕ್ಷಮಿಸಬೇಕು.

ಏನು ಹೇಳುತ್ತಿದ್ದೆ? ಹೌದು, ರಾಜ. ಆನೆ ಕಳೆದುಕೊಂಡ ರಾಜನಾಗಿ ಪೂಂಗೋದೈ ಈಗ ತಾನೇ ಅತ್ತಳಲ್ಲ, ನೋಡಿದಿರಿ. ಹೋದ ವರ್ಷ ನಾಟಕ ಮುಗಿದ ಮೇಲೆ ಅಂಟುಮೀಸೆಯನ್ನು ಕೀಳುತ್ತಾ ಅವಳು ಕೇಳಿದಳು: "ತಾತಾ, ಆ ಸಾರ್ ಪೂರ್ತಿ ನೋಡದೇನೇ ಹೋಗ್ತಾರಲ್ಲ, ಯಾಕೆ?"

"ದೊಡ್ಡವರು ಕಣಮ್ಮ, ಕೆಲಸ ಇರುತ್ತೆ. ಒಳ್ಳೆಯವರು."

"ಒಳ್ಳೆಯವರೇ. ಆದ್ರೆ ರಾಜಂಗೆ ಆನೆ ಸಿಗಲೇ ಇಲ್ಲ ಅಂದ್ಕೊಂಡಿರ್ತಾರಲ್ಲ, ಪಾಪ."

ಅವಳ ಮೀಸೆಯ ಅಂಟು ಒರೆಸಿ ಮನೆಗೆ ಕಳಿಸಿದೆ. ಈಗ ಪರದೆಯ ಹಿಂದೆ ಆನೆಯೊಳಗೆ ನಾಲ್ವರು ಬೆವರುತ್ತಿದ್ದಾರೆ, ನಾನು ಮಾತಾಡುತ್ತಲೇ ಇದ್ದೇನೆ.

ಅರುಳ್‌ಮಣಿಯವರೇ, ಆಗಿನಿಂದ ಶಾಲು ಹಿಡಿದು ನಿಂತಿದ್ದೀರಿ, ಕೈ ನೋಯುತ್ತಿರಬೇಕು. ಅದನ್ನು ಹೊದಿಸಿದ ಕೂಡಲೇ ನೀವು ಹೊರಡುತ್ತೀರಿ, ಅಲ್ಲವೇ? ಆದ್ದರಿಂದ ನಾಟಕ ಮುಗಿದ ಮೇಲೆಯೇ ಹೊದಿಸಿಕೊಳ್ಳುತ್ತೇನೆ. ಕೆಳಗೆ ನನ್ನ ಪಕ್ಕದ ಕುರ್ಚಿ ಖಾಲಿಯಿದೆ, ಬನ್ನಿ. ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಕೇಳಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.