ನಲವತ್ತು ಏಡಿಗಳ ಸಾವಿನ ಕುರಿತು ಒಂದು ತಿದ್ದುಪಡಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನನ್ನು ಇಷ್ಟೊಂದು ಸಂತೋಷದಿಂದ ನಿವೃತ್ತಿಗೆ ಕಳಿಸಿಕೊಡುತ್ತಿರುವ ವಸ್ತುಸಂಗ್ರಹಾಲಯದ ನಿರ್ದೇಶಕರೇ, ಸಹೋದ್ಯೋಗಿಗಳೇ, ಮೂರನೇ ಸಾಲಿನ ಕೊನೆಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವ ನನ್ನ ಅಕ್ಕನವರೇ, ಮತ್ತು ಸಭಿಕರೇ,

ಇಲ್ಲಿಯವರೆಗೆ ಮಾತಾಡಿದ ಐವರೂ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಇಳಿಯುವುದಕ್ಕೆ ಏಣಿಯನ್ನು ನಾನೇ ತಂದಿದ್ದೇನೆ.

ನನ್ನ ಕೆಲಸವೇನು? ಗುಂಡುಕಲ್ಲು ಒಡೆಯುವುದು. ಹಳೆಯ ಸಮುದ್ರದ ಕೆಸರು ಉಂಡೆಗಟ್ಟಿ ಕಲ್ಲಾಗಿರುತ್ತದೆ. ಅಂಚಿಗೆ ಸುತ್ತಿಗೆಯಿಂದ ಹದವಾಗಿ ತಟ್ಟಿದರೆ ಎರಡು ಹೋಳು. ಅದೃಷ್ಟವಿದ್ದರೆ ಒಳಗೆ ಕಲ್ಲಾಗಿ ಉಳಿದ ಒಂದು ಏಡಿ, ಇಲ್ಲದಿದ್ದರೆ ಹೆಬ್ಬೆರಳಿಗೆ ಪಟ್ಟಿ. ಒಂದೇ ದಂಡೆಯಲ್ಲಿ ನನಗೆ ನಲವತ್ತು ಏಡಿ ಸಿಕ್ಕವು. ನಲವತ್ತರದ್ದೂ ಬೆನ್ನಿನ ಚಿಪ್ಪು ಹಿಂದುಗಡೆ ಮೇಲೆದ್ದಿತ್ತು. ನಾನು ಏನೆಂದು ಗುರುತಿಸಿದೆ? ಸಾಮೂಹಿಕ ಸಾವು! ನೀರಿಗೆ ವಿಷ ಸೇರಿ, ಉಸಿರುಕಟ್ಟಿ, ನರಳಿ ನರಳಿ ಸತ್ತವು ಎಂದು ಫಲಕ ಬರೆದೆ. ಎಂಥಾ ಫಲಕ! ಓದಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಟೀಚರಂತೂ ಪ್ರತಿವರ್ಷ ಮಕ್ಕಳನ್ನು ಕರೆತಂದು ಒಂದು ನಿಮಿಷ ಮೌನ ಆಚರಿಸುತ್ತಿದ್ದರು. ನಾನೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ, ನಾನು ಮರೆತು ಬಂದಿದ್ದ ಕನ್ನಡಕ ಕೊಡಲು ಅಕ್ಕ ಬಂದಳು, ಆ ಮೌನದ ನಡುವೆಯೇ. ಅಕ್ಕ ಮೀನು ಮಾರ್ಕೆಟ್ಟಿನಲ್ಲಿ ಏಡಿ ಮಾರುವವಳು. ಗಾಜಿಗೆ ಮೂಗು ಹಚ್ಚಿ ನೋಡಿ, ಅಷ್ಟೂ ಮಕ್ಕಳಿಗೆ ಕೇಳುವ ಹಾಗೆ, "ಅಯ್ಯೋ, ಇವೆಲ್ಲಿ ಸತ್ತಿವೆ? ಬೆಳೆಯೋಕೆ ಹಳೇ ಚಿಪ್ಪು ಕಳಚಿ, ಹಿಂದಿನಿಂದ ಜಾರಿಕೊಂಡು ಹೋಗಿವೆ. ಖಾಲಿ ಚಿಪ್ಪಿಗೆ ಯಾಕೆ ಅಳ್ತೀರಿ?" ಎಂದಳು. ಮಕ್ಕಳು ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಅಕ್ಕಾ, ಇದು ಮೀನು ಮಾರ್ಕೆಟ್ಟಲ್ಲ" ಎಂದುಬಿಟ್ಟೆ.

ಸಭಿಕರೇ, ಆ ಮಾರ್ಕೆಟ್ಟಿನಲ್ಲಿ ಐಸು ಹಿಡಿದು ಹಿಡಿದು ಬೆರಳು ಸೆಟೆದುಕೊಂಡೇ ಅವಳು ನನ್ನನ್ನು ಓದಿಸಿದ್ದು. ಕನ್ನಡಕವನ್ನು ಗಾಜಿನ ಮೇಲಿಟ್ಟು ಹೋದವಳು ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಲಿಲ್ಲ. ನಾನು ಕರೆಯಲೂ ಇಲ್ಲ. ತಪ್ಪು ನನ್ನದೇ ಎಂದು ಗೊತ್ತಿದ್ದೂ ಕರೆಯಲಿಲ್ಲ. ಜಂಬ ಅಂದರೆ ಜಂಬ! ಇವತ್ತು ನನ್ನ ಹೆಂಡತಿ ಕರೆದಳೆಂದು ಬಂದಿದ್ದಾಳೆ.

ಕಳೆದ ತಿಂಗಳು ಮೇಜು ಖಾಲಿ ಮಾಡುವಾಗ, ಒಡೆಯದೆ ಉಳಿದಿದ್ದ ಒಂದು ಗುಂಡುಕಲ್ಲು ಸಿಕ್ಕಿತು. ತಟ್ಟಿದೆ. ನಲವತ್ತೊಂದನೆಯ ಏಡಿ! ಇದರ ಚಿಪ್ಪು ಭದ್ರವಾಗಿ ಮುಚ್ಚಿತ್ತು. ಇದು ನಿಜವಾಗಿಯೂ ಸತ್ತದ್ದು. ಉಳಿದ ನಲವತ್ತರ ಪಕ್ಕದಲ್ಲಿಟ್ಟು ನೋಡಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಇಲ್ಲೇ ಕುಳಿತಿರುವ ಟೀಚರವರೇ, ಸತ್ತದ್ದು ಒಂದೇ ಏಡಿ, ಇನ್ನು ಮೇಲೆ ಮೌನ ಒಂದೂವರೆ ಸೆಕೆಂಡು ಸಾಕು.

ನಿರ್ದೇಶಕರೇ, ಗಾಬರಿಯಾಗಬೇಡಿ. ಅಧ್ಯಕ್ಷರು ಈಗ ಪರದೆ ಸರಿಸಲಿರುವ ಏಡಿಗಳ ಹೊಸ ಫಲಕದಲ್ಲಿ ನೀವು ಅಚ್ಚು ಹಾಕಿಸಿದ ಒಕ್ಕಣೆಯಿಲ್ಲ. ಬೆಳಿಗ್ಗೆ ನಾನೇ ಬಂದು ಬೇರೆ ಅಂಟಿಸಿದ್ದೇನೆ. ಸ್ವಲ್ಪ ಓರೆಯಾಗಿದೆ. "ಏಡಿ ಕಳಚಿಟ್ಟು ಹೋದ ಚಿಪ್ಪು, ನಲವತ್ತು. ಸತ್ತ ಏಡಿ, ಒಂದು. ಗುರುತಿಸಿದವರು: ಮೀನು ಮಾರ್ಕೆಟ್ಟು, ಎಡಗಡೆ ಮೂರನೇ ಕಟ್ಟೆಯ ಅಕ್ಕ."

ಅಕ್ಕಾ, ತಪ್ಪಾಯ್ತು. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆಯೇ ಕ್ಷಮೆ ಕೇಳ್ತಿದ್ದೀನಿ. ಸಂಜೆ ಮನೆಗೆ ಬಾ.

ಸಭಿಕರೇ, ಅಕ್ಕ ಎದ್ದಳು. ಬಾಗಿಲ ಕಡೆಗಲ್ಲ, ಈ ಕಡೆಗೇ ಬರುತ್ತಿದ್ದಾಳೆ. ಮುಖ ನೋಡಿದರೆ ಬೈಯುವ ಹಾಗಿದೆ. ಹನ್ನೊಂದು ವರ್ಷದ ಬೈಗುಳ, ಹೊತ್ತಾಗುತ್ತದೆ. ಆದ್ದರಿಂದ ತಮಗೆಲ್ಲ ಧನ್ಯವಾದ ಹೇಳಿ, ಮೈಕನ್ನು ಅವಳಿಗೆ ಬಿಟ್ಟುಕೊಡುತ್ತೇನೆ. ನಮಸ್ಕಾರ.