ಹೆಸರು ಕರೆಯದೆ ದಾಟಬಾರದ ಬಾಗಿಲು

ಹಾಳು ಬಾವಿಯ ಹತ್ತಿರ ಬಂದಾಗ ಅಣ್ಣನಿಗೆ ಆ ಸದ್ದು ಕೇಳಿಸಿತು. ಟಕ್... ಸರ್ರ್... ಟಕ್... ಸರ್ರ್.

ಕಟ್ಟುಕತೆ ಅಲ್ಲ ಇದು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಸಿಸ್ಟರ್‌ಗಳು ನಡೆಸುವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಅವನು. ಮಕ್ಕಳು ಅವನಿಗೆ ಇಟ್ಟ ಹೆಸರು ‘ಬೇಗಬೇಗ’. ಬೋರ್ಡಿನ ಮೇಲೆ ಲೆಕ್ಕ ಬರೆದು ಸೀಮೆಸುಣ್ಣ ಕೆಳಗಿಡುವ ಮೊದಲೇ ‘ಉತ್ತರ ಎಲ್ಲಿ, ಬೇಗ, ಬೇಗ’ ಅನ್ನುವವನು. ಊಟಕ್ಕೆ ಕರೆದರೂ ಅಷ್ಟೇ, ಬಡಿಸಿದವರು ಕೂರುವಷ್ಟರಲ್ಲಿ ಇವನು ಕೈ ತೊಳೆದು ಚಪ್ಪಲಿ ಹುಡುಕುತ್ತಿರುತ್ತಾನೆ. ಕಾಯುವುದು ಅಂದರೆ ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅಂಥವನಿಗೆ ಗಂಟುಬಿದ್ದಿತ್ತು ಅದು, ನೋಡಿ!

ಆವತ್ತು ಅವನ ತಲೆ ಕೆಟ್ಟು ಕೆರ ಹಿಡಿದಿತ್ತು. ಕಾರಣ ಒಂದು ಬಾಗಿಲು.

ಆ ಶಾಲೆಯ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಕ್ಕಳನ್ನು ಒಳ್ಳೊಳ್ಳೆಯ ಕಾಲೇಜಿಗೆ ತಯಾರು ಮಾಡುವುದು ಅವರ ಕೆಲಸ, ಅದರ ಜೊತೆಗೆ ನೂರೆಂಟು ನೇಮ. ಚಾಪೆಲ್ ಮುಂದೆ ಓಡಬಾರದು. ಬೆಳಗಿನ ಪ್ರಾರ್ಥನೆ ಮುಗಿಯುವವರೆಗೆ ಕೋಟಿನ ಗುಂಡಿ ಬಿಚ್ಚಬಾರದು. ಎಲ್ಲಕ್ಕಿಂತ ದೊಡ್ಡ ನೇಮ ಮುಂಬಾಗಿಲಿನದು. ಓದುವ ಅಷ್ಟೂ ವರ್ಷ ಮಕ್ಕಳು ಬಾವಿ ಪಕ್ಕದ ಸಣ್ಣ ಬಾಗಿಲಿನಲ್ಲೇ ನುಗ್ಗಬೇಕು. ಮುಂಬಾಗಿಲಿನ ಹಿಡಿಕೆಯ ಕಬ್ಬಿಣದ ಬಳೆ ಮುಟ್ಟಿದವರು ಪಾಸಾಗುವುದಿಲ್ಲ ಅಂತ ಮಕ್ಕಳಲ್ಲಿ ನಂಬಿಕೆ ಬೇರೆ. ಅದು ತೆರೆಯುವುದು ವರ್ಷಕ್ಕೊಮ್ಮೆ, ಬೀಳ್ಕೊಡುಗೆಯ ದಿನ. ಚಾಪೆಲ್‌ನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಸೇರಲಿರುವ ಕಾಲೇಜಿನ ಹೆಸರನ್ನೂ ಕೂಗುತ್ತಾರೆ. ಆಗ ಆ ಮಗು ಎದ್ದು, ಉದ್ದನೆಯ ಹಜಾರವನ್ನು ಒಂಟಿಯಾಗಿ ನಡೆದು ಬಾಗಿಲು ದಾಟಬೇಕು. ಹೊರಗೆ ಮೆಟ್ಟಿಲ ಕೆಳಗೆ ಮನೆಯವರು ಕಾದಿದ್ದು ಕರೆದುಕೊಂಡು ಹೋಗುತ್ತಾರೆ. ಹೆಸರು ಕರೆಯದೆ ಯಾವ ಮಗುವೂ ಹೊಸ್ತಿಲು ದಾಟುವ ಹಾಗಿಲ್ಲ.

ಮಾರನೆಯ ದಿನವೇ ಬೀಳ್ಕೊಡುಗೆ. ಅಣ್ಣನ ಮಗಳೂ ಈ ಸಲ ಹೊರಡುವವಳು. ಅವಳು ಹೋದ ವರ್ಷವೇ ಹೊರಡಬೇಕಿತ್ತು, ಕಾಯಿಲೆ ಬಿದ್ದು ಒಂದು ವರ್ಷ ಹಿಂದೆ ಉಳಿದಳು. ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಬಾಗಿಲು ದಾಟುವಾಗ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದಳು ಪಾಪ. ಈಗ ಅವಳ ಸರದಿ... ಬಾಗಿಲು ತೆರೆಯುತ್ತಿಲ್ಲ.

ಬೀಗ ತೆಗೆದಿದೆ. ಅಗುಳಿ ಸರಿಸಿದೆ. ಒಳಗಡೆಗೆ ತೆರೆಯುವ ಬಾಗಿಲು ಅದು, ಬಳೆ ಹಿಡಿದು ಎಳೆದರೆ ಬೆರಳಗಲ ಸರಿದು ನಿಲ್ಲುತ್ತಿತ್ತು. ಬಡಗಿ ಬಂದು ಹತ್ತರಿ ಹೊಡೆದ. ಕಮ್ಮಾರ ಬಂದು ತಿರುಗಣಿ ಬದಲಾಯಿಸಿದ. ಇಬ್ಬರೂ ಹೇಳಿದ್ದು ಒಂದೇ ಮಾತು, ಬಾಗಿಲಿಗೆ ಏನೂ ಆಗಿಲ್ಲ. ಕೆಲವು ವರ್ಷಗಳಿಂದ ಬೀಳ್ಕೊಡುಗೆ ಬಂತೆಂದರೆ ಅದು ಬಿಗಿಯುತ್ತಿತ್ತು, ಹೋದ ವರ್ಷವಂತೂ ದೊಡ್ಡವರೆಲ್ಲ ಸೇರಿ ಹಗ್ಗ ಕಟ್ಟಿ ಎಳೆದಿದ್ದರು. ಬಾಗಿಲು ತೆರೆದಾಗ ಹಿಂದೆ ಎಲ್ಲೋ ನೆಲದ ಮೇಲೆ ಕೋಲು ಬಿದ್ದ ಸದ್ದಾಗಿತ್ತಂತೆ. ಬಾವುಟದ ಕೋಲಿರಬೇಕು ಅಂದುಕೊಂಡು ಸುಮ್ಮನಾಗಿದ್ದರು.

“ಆಗದಿದ್ರೆ ಬಿಡಿ ಮಾಸ್ಟರೇ,” ಅಂದರು ಹೆಡ್ ಸಿಸ್ಟರ್. “ಬಾವಿ ಪಕ್ಕದಿಂದಲೇ ಕಳಿಸೋಣ. ದೇವರಿಗೆ ಎಲ್ಲಾ ಬಾಗಿಲೂ ಒಂದೇ.”

ದೇವರಿಗೆ ಒಂದೇ ಇರಬಹುದು ಸಿಸ್ಟರ್, ನನ್ನ ಮಗಳಿಗಲ್ಲ! ಅಣ್ಣನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಮನೆಯಲ್ಲಿ ಅವಳು ಕೇಳಿದ್ದಳು, “ಅಪ್ಪಾ, ಕೊನೆಗೂ ನಾನು ಸಂದಿಯಲ್ಲೇ ನುಸುಳ್ಕೊಂಡು ಬರ್ಬೇಕಾ?” ಇವನು ಎದೆ ತಟ್ಟಿಕೊಂಡು, ತೆಗೆಸೇ ತೆಗೆಸ್ತೀನಿ ಅಂದಿದ್ದ. ಹಾಗಾಗಿ ಎಲ್ಲರೂ ಹೋದ ಮೇಲೂ ಎಣ್ಣೆ ಡಬ್ಬಿ ಹಿಡಿದು ಒಬ್ಬನೇ ಗುದ್ದಾಡಿದ. ಎಣ್ಣೆ ಬಿಟ್ಟ, ಎಳೆದ, ಬೈದ, ಒದ್ದ. ಕಾಲ್ಬೆರಳು ನೋವಾಯಿತೇ ಹೊರತು ಬಾಗಿಲು ಅಲುಗಲಿಲ್ಲ. ರಾತ್ರಿ ಬಹಳ ಹೊತ್ತಾಗಿತ್ತು. ಕುಂಟಿಕೊಂಡು, ಪಕ್ಕದ ಬಾಗಿಲಿನಿಂದ ಹೊರಬಿದ್ದು ಮನೆ ದಾರಿ ಹಿಡಿದ. ಮಗಳ ಮುಖ ಹೇಗೆ ನೋಡುವುದು ಅನ್ನುವುದೊಂದೇ ಅವನ ಚಿಂತೆ.

ಬಾವಿಯ ಹತ್ತಿರ ಬಂದಾಗಲೇ ಆ ಸದ್ದು. ಕಟ್ಟಡದ ಒಳಗಿನಿಂದ... ಟಕ್... ಸರ್ರ್.

ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವನಿಗೆ ಬಂದದ್ದು ಸಿಟ್ಟು. ಇಡೀ ಸಂಜೆ ನಾನು ಸಾಯ್ತಿದ್ದಾಗ ಇಲ್ಲದವರು ಈಗ ಒಳಗೆ ಏನು ಮಾಡ್ತಿದ್ದಾರೆ ಅಂತ ದುಡುದುಡು ವಾಪಸ್ ಬಂದ.

ಹಜಾರ ಖಾಲಿ. ಮಾತೆಯ ಪ್ರತಿಮೆಯ ಮುಂದಿನ ಸಣ್ಣ ದೀಪ ಬಿಟ್ಟರೆ ಬೆಳಕಿಲ್ಲ. ಸದ್ದು ನಿಂತಿತ್ತು. ಅಣ್ಣ ನೇರ ಹೋಗಿ ಬಳೆ ಹಿಡಿದು ಎಳೆದ. ಬೆರಳಗಲ ಸರಿದು ನಿಂತಿತು... ಆ ನಿಶ್ಶಬ್ದದಲ್ಲಿ ಅವನಿಗೆ ಮೊದಲ ಸಲ ಗೊತ್ತಾಯಿತು. ಮರಕ್ಕೆ ಮರ ತಾಗಿ ನಿಲ್ಲುವ ಹಾಗೆ ಅದು ನಿಲ್ಲುತ್ತಿರಲಿಲ್ಲ. ಮೆತ್ತಗೆ ನಿಲ್ಲುತ್ತಿತ್ತು.

ಇನ್ನೊಮ್ಮೆ ಎಳೆದ.

“ಸರ್...” ಅಂತ ಒಂದು ಪಿಸುಮಾತು. ಕಿವಿಯ ಹತ್ತಿರವೇ. “ಸರ್, ಕಾಲು... ಕಾಲ್ ಮೇಲೆ ಬರ್ತಿದೆ.”

ಅಭ್ಯಾಸಬಲ ನೋಡಿ. ಕ್ಲಾಸಿನಲ್ಲಿ ಗದರುವ ಹಾಗೇ ಗದರಿಬಿಟ್ಟ. “ಹಾಗಾದ್ರೆ ಹಿಂದೆ ಸರಿಯೋ! ಬಾಗಿಲಿಗೆ ಅಂಟ್ಕೊಂಡ್ ನಿಂತ್ರೆ ಹೆಂಗೆ ತೆಗೆಯೋದು?”

ಅಂದ ಮೇಲೆ ಪಕ್ಕಕ್ಕೆ ನೋಡಿದ. ಯಾರೂ ಇಲ್ಲ. ಕೈಯಲ್ಲಿದ್ದ ಎಣ್ಣೆ ಡಬ್ಬಿ ಬಿತ್ತು. ಠಣ್... ಉರುಳಿಕೊಂಡು ಹೋಗಿ ಒಂದು ಕಡೆ ನಿಂತಿತು. ಗೋಡೆಗಲ್ಲ, ಮತ್ತೆ ಯಾವುದಕ್ಕೋ ತಾಗಿ ನಿಂತಿತು.

ಸ್ಟಾಫ್ ರೂಮಿನಲ್ಲಿ ಕೇಳಿದ ಮಾತು ನೆನಪಾಯಿತು. ಇವನು ಆ ಶಾಲೆಗೆ ಬರುವ ಮೊದಲು ಅಲ್ಲೊಬ್ಬ ಹುಡುಗ ಇದ್ದನಂತೆ. ಒಂದು ಕಾಲು ಸ್ವಾಧೀನವಿಲ್ಲ, ಊರುಗೋಲು. ಬಲು ಜಾಣ, ಬಲು ವಿಧೇಯ. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೀಳ್ಕೊಡುಗೆಗೆ ಮುಂಚೆ ಜ್ವರ ಬಂದು ತೀರಿಕೊಂಡ. ಬೀಳ್ಕೊಡುಗೆಯ ದಿನ ಗೌರವಕ್ಕೆ ಅಂತ ಅವನ ಹೆಸರನ್ನು ಎಲ್ಲರ ಕೊನೆಯಲ್ಲಿ ಕೂಗಿದರು. ತಲೆ ಬಗ್ಗಿಸಿದರು, ಶಿಲುಬೆಯ ಗುರುತು ಮಾಡಿದರು, ಬಾಗಿಲು ಹಾಕಿ ಊಟಕ್ಕೆ ಹೋದರು. ಹೆಸರು ಕೂಗಿದ ಮೇಲೆ ಅವನೂ ಆ ಹಜಾರವನ್ನು ನಡೆದು ಬರಬೇಕಲ್ಲ ಅಂತ ಯಾರಿಗೆ ಹೊಳೆಯಬೇಕು?

“ನೀನಾ?” ಅಂದ ಅಣ್ಣ.

“ಹೂಂ ಸರ್.”

“ಇಲ್ಲಿ ಯಾಕೆ ನಿಂತಿದೀಯ?”

“ಆವತ್ತು ತಡ ಆಯ್ತು ಸರ್... ನಾನು ಬರೋಷ್ಟರಲ್ಲಿ ಹಾಕ್ಬಿಟ್ರು. ಅದಕ್ಕೆ ಈಗ ಮುಂಚೇನೇ ಬಂದು ನಿಂತ್ಕೋತೀನಿ.”

“ಹೋದ ವರ್ಷ ತೆಗೆದಿದ್ರಲ್ಲೋ. ಹೋಗ್ಬಾರ್ದಿತ್ತಾ?”

“ಹೆಸರು ಕರೀಲಿಲ್ಲ ಸರ್.”

ಅಣ್ಣ ಹಣೆ ಹಣೆ ಚಚ್ಚಿಕೊಂಡ. ಹೆದರಿಕೆ ಇತ್ತು, ಇಲ್ಲ ಅಂತಲ್ಲ. ಅದನ್ನೂ ಮೀರಿ ಸಿಟ್ಟು ಬಂತು ಅವನಿಗೆ. ಸತ್ತ ಮೇಲೂ ನೇಮ ಬಿಡದ ಈ ಹುಡುಗನ ಮೇಲೆ, ಇಂಥ ನೇಮ ಕಲಿಸಿ ತಾವೇ ಮರೆತು ಊಟಕ್ಕೆ ಹೋದವರ ಮೇಲೆ, ನಾಳೆ ಅಳಲಿರುವ ಮಗಳನ್ನು ನೆನೆದು ತನ್ನ ಮೇಲೆ.

“ಸರಿ. ನಾನು ಕರೀತೀನಿ. ಚಾಪೆಲ್ ಹತ್ರ ಹೋಗು, ಅಲ್ಲಿಂದ ನಡ್ಕೊಂಡ್ ಬಾ.”

ಅಣ್ಣ ಬಳೆ ಎಳೆದು ನೋಡಿದ, ಬಾಗಿಲು ಮೊದಲಿನ ಹಾಗೇ ಮೆತ್ತಗೆ ನಿಂತಿತು.

“ಹೋಗೋ ಮಾರಾಯ, ಬೇಗ!”

“ನಾನು ಆ ಕಡೆ ಹೋದ ತಕ್ಷಣ ತೆಗ್ದು... ನಿಮ್ಮ ಕೆಲಸ ಆದ್ಮೇಲೆ ಹಾಕ್ಬಿಡ್ತೀರ ಸರ್.”

ಅಣ್ಣ ಬಳೆಯಿಂದ ಕೈ ತೆಗೆದ. ಯಾಕೆಂದರೆ ಮನಸ್ಸಿನ ಮೂಲೆಯಲ್ಲಿ ಇದ್ದದ್ದು ಅದೇ. “ಇಲ್ಲಪ್ಪಾ,” ಅಂದ ಮೆಲ್ಲಗೆ. “ನನ್ನ ಮಗಳಾಣೆ. ನೀನು ದಾಟೋವರೆಗೂ ಹಿಡ್ಕೊಂಡಿರ್ತೀನಿ.”

ಆಮೇಲೆ... “ಕಾಲೇಜಿನ ಹೆಸರೂ ಹೇಳ್ತೀರಾ ಸರ್?”

“ಹೇಳ್ತೀನಿ.”

ಟಕ್... ಸರ್ರ್... ಟಕ್... ಸರ್ರ್. ಸದ್ದು ದೂರ ಹೋಯಿತು. ಅಣ್ಣ ಬಳೆ ಎಳೆದ. ಇಡೀ ಸಂಜೆ ಜಗ್ಗದ ಬಾಗಿಲು, ಕಿರ್ ಅನ್ನದೆ ತೆರೆದುಕೊಂಡಿತು. ಹೊರಗಿನ ಗಾಳಿ ಮುಖಕ್ಕೆ ಹೊಡೆಯಿತು. ಕೆಲಸ ಆಗಿಹೋಗಿತ್ತು, ಇನ್ನು ಮನೆಗೆ ಹೋಗಬಹುದಿತ್ತು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸ್ಟಾಫ್ ರೂಮಿನಲ್ಲಿ ಕೇಳಿದ್ದ ಆ ಹುಡುಗನ ಹೆಸರು ಹಿಡಿದು ಕೂಗಿದ. ಕಾಲೇಜಿನ ಹೆಸರೂ ಸೇರಿಸಿ ಕೂಗಿದ. ಹುಡುಗನ ಹೆಸರನ್ನು ಈ ಹೊತ್ತಿನಲ್ಲಿ ನಾನು ಬಾಯಲ್ಲಿ ತರುವುದಿಲ್ಲ, ನೀವೂ ಕೇಳಬೇಡಿ.

ಹುಡುಗ ಹೊರಟ. ಟಕ್... ಸರ್ರ್...

ಅಬ್ಬಾ, ಎಷ್ಟು ನಿಧಾನ! ಒಂದು ಹೆಜ್ಜೆ, ಆಮೇಲೆ ಸುಮ್ಮನೆ ನಿಲ್ಲುವುದು. ಇನ್ನೊಂದು ಹೆಜ್ಜೆ. ನಡುಹಜಾರಕ್ಕೆ ಬಂದು ಪೂರ್ತಿ ನಿಂತೇಬಿಟ್ಟ. ಏದುಸಿರು ಕೇಳಿಸುತ್ತಿತ್ತು, ಹ್ಹ... ಹ್ಹ... ಗಾಳಿಗೆ ಬಾಗಿಲು ಬೆನ್ನನ್ನು ತಳ್ಳುತ್ತಿತ್ತು. ಮಾತೆಯ ಮುಂದಿನ ದೀಪ ಆರಿತು. ಒದ್ದುಕೊಂಡ ಕಾಲ್ಬೆರಳು ಚುಳುಚುಳು ಅನ್ನುತ್ತಿತ್ತು. ಅಣ್ಣನ ಬಾಯಿಗೆ ಆ ಮಾತು ಬಂದು ಬಂದು ಹಲ್ಲಿಗೆ ತಾಗುತ್ತಿತ್ತು, ಬೇಗ... ಬೇಗ... ತುಟಿ ಕಚ್ಚಿಕೊಂಡ. ಹುಟ್ಟಿದಾಗಿನಿಂದ ಯಾರಿಗೂ ಕಾಯದವನು, ಕತ್ತಲಲ್ಲಿ ಬೆವರುತ್ತಾ, ಒಳಗೊಳಗೇ ಕುದಿಯುತ್ತಾ, ಒಂದು ಮಾತಾಡದೆ ಕಾದ.

ಕೊನೆಗೆ ಸದ್ದು ಅವನ ಮುಂದೆ ಬಂತು. ತಣ್ಣನೆಯದೇನೋ ಮುಂಗೈಗೆ ಸೋಕಿತು. ಹೊಸ್ತಿಲು ದಾಟಿತು. ಮೆಟ್ಟಿಲು... ಟಕ್... ಟಕ್... ಕೆಳಗೆ ಹೋಗಿ ನಿಂತಿತು.

ಉಸ್ಸಪ್ಪಾ ಅಂತ ಅಣ್ಣ ಬಾಗಿಲು ಹಾಕಿ, ಬೀಗ ಮುಟ್ಟಿ ನೋಡಿ, ತಾನೂ ಕೆಳಗಿಳಿದ. ಅಲ್ಲಿ ಕತ್ತಲಲ್ಲಿ ಮತ್ತೆ ಆ ದನಿ.

“ಯಾರೂ ಬಂದಿಲ್ವಾ ಸರ್?”

ಬೀಳ್ಕೊಡುಗೆಯ ದಿನ ಮನೆಯವರು ಕಾಯುವ ಜಾಗ ಅದು. ಹುಡುಗನ ತಂದೆ ತಾಯಿ ದುಃಖ ತಾಳದೆ ಎಂದೋ ಬೇರೆ ಊರಿಗೆ ಹೋಗಿದ್ದರು. ಎಲ್ಲಿ ಅಂತ ಯಾರಿಗೂ ತಿಳಿಯದು. ಅಣ್ಣನಿಗೆ ಅಳು ಬಂತು, ಅಳುವಿನ ಜೊತೆಗೆ ರೇಗಿಯೂ ಹೋಯಿತು. ಇದೊಂದು ಯಾಕೆ ಮುಗಿಯುವುದೇ ಇಲ್ಲ ದೇವರೇ!

“ಈ ಹೊತ್ತಲ್ಲಿ ಯಾರು ಬರ್ತಾರೋ?” ಅಂದ. ಆಮೇಲೆ ಅವನ ಬಾಯಿಂದ ಬಂದೇಬಿಟ್ಟಿತು. “ನಡಿ. ನನ್ ಜೊತೆ ನಡಿ.”

ತಿರುಗಿ ನೋಡದೆ ನಡೆದ. ಹಿಂದೆ ಟಕ್... ಸರ್ರ್. ಗೋಡೆ ಸುತ್ತಿ ಬಾವಿ ದಾಟಿದ ಮೇಲೆ ಟಕ್ ಅನ್ನುವ ಸದ್ದು ನಿಂತಿತು. ಸರ್ರ್ ಮಾತ್ರ ಬರುತ್ತಿತ್ತು, ತೀರ ಹತ್ತಿರದಲ್ಲಿ. ಅವನು ಹೆಜ್ಜೆ ನಿಧಾನ ಮಾಡಿದ. ಮನೆ ತಲುಪುವಷ್ಟರಲ್ಲಿ ಅದೂ ಇರಲಿಲ್ಲ.

ಮಗಳು ನಿದ್ದೆಗಣ್ಣಲ್ಲಿ ಕದ ತೆಗೆದಳು. “ಆಯ್ತೇನಪ್ಪಾ?” ಅಂದಳು. “ಆಯ್ತು ಕಂದಾ, ನಾಳೆ ಅಲ್ಲಿಂದಲೇ ಬಾ,” ಅಂದು ಇವನು ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಅವಳು ಕದ ಹಿಡಿದುಕೊಂಡು ನಿಂತೇ ಇದ್ದಳು.

“ಹಾಕೇ, ಚಳಿ ಬರ್ತಿದೆ.”

“ಇರಪ್ಪಾ,” ಅಂದಳು ಆಕಳಿಸುತ್ತಾ. “ನಿನ್ ಜೊತೆ ಬಂದೋರು ಒಳಗೆ ಬರ್ಲಿ.”

ಬೆಳಿಗ್ಗೆ ಕೇಳಿದರೆ ತಾನು ಎದ್ದೇ ಇಲ್ಲ, ಕದ ತೆಗೆದೇ ಇಲ್ಲ ಅಂದುಬಿಟ್ಟಳು. ಆವತ್ತು ಶಾಲೆಯ ಮುಂಬಾಗಿಲನ್ನು ಹೆಡ್ ಸಿಸ್ಟರ್ ಒಂದೇ ಕೈಯಲ್ಲಿ ತೆರೆದರು. ಅಣ್ಣನ ಮಗಳು ಹೆಸರು ಕೂಗಿಸಿಕೊಂಡು, ತಲೆಯೆತ್ತಿಕೊಂಡು ನಡೆದು ಬಂದಳು. ನಾನೂ ಮೆಟ್ಟಿಲ ಕೆಳಗೆ ನಿಂತು ನೋಡಿದೆ, ಕಣ್ಣು ತುಂಬಿತು. ಆಮೇಲಿನ ವರ್ಷಗಳಲ್ಲಿ ಆ ಬಾಗಿಲು ಯಾರಿಗೂ ತೊಂದರೆ ಕೊಟ್ಟಿಲ್ಲ.

ಇದನ್ನೆಲ್ಲ ಅಣ್ಣ ಹೇಳಿದಾಗ ನಾನೂ ನಕ್ಕವನೇ. ಈಗ ನಗುವುದಿಲ್ಲ. ಅವನ ಅಂಗಿ ಹೊಲಿಯುವವನು ನಾನು. ಹೊಲಿಗೆ ಯಂತ್ರದ ಮುಂದೆಯೇ ಕೂದಲು ನರೆತಿದೆ ನನಗೆ. ಮನುಷ್ಯರ ಅಂಗಿ ಸವೆಯುವುದು ಕಾಲರಿನಲ್ಲಿ, ಮೊಣಕೈಯಲ್ಲಿ. ಅಣ್ಣನದು ಹಾಗಲ್ಲ. ಆ ರಾತ್ರಿಯಿಂದೀಚೆಗೆ ಹೊಲಿದ ಯಾವ ಅಂಗಿಯನ್ನೇ ನೋಡಿ, ಬೇರೆಲ್ಲ ಹೊಸದರಂತೆ ಇರುತ್ತದೆ, ಎಡಭುಜ ಮಾತ್ರ, ಯಾರೋ ಕೈಯೂರಿ ನಡೆದ ಹಾಗೆ, ಅಂಗೈ ಅಗಲ ಸವೆದು ಜಾಳುಜಾಳಾಗಿರುತ್ತದೆ. ಹೋದ ವಾರ ತೇಪೆ ಹಾಕಲು ಒಂದು ಕೊಟ್ಟುಹೋಗಿದ್ದಾನೆ. ಒಳಗೆ ಗೂಟಕ್ಕೆ ನೇತುಹಾಕಿದ್ದೇನೆ. ನಂಬದಿದ್ದರೆ ಎದ್ದು ಹೋಗಿ ಮುಟ್ಟಿ ನೋಡಿ.